ಕಷ್ಟದ ಸಾಲಿಗೆ ಒಂದು ಹಿಡಿ

"ಒಂದು ಹಿಡಿ ಅಂದ್ರೆ ಒಂದು ಹಿಡಿ ಕಣೇ ಮುಂಡೇದೇ! ನಿಮ್ಮಪ್ಪ ಮರದ ಮಿಲ್ ಇಟ್ಟಿದ್ನಾ, ಬಾಚಿ ಬಾಚಿ ಸುರಿಯೋಕೆ? ತೆಗಿ ಆಚೆಗೆ!"

ನನ್ನ ಕೈ ಇನ್ನೂ ಪಂಜರದೊಳಗೇ ಇತ್ತು. ಹಿಂದೆ ನಿಂತು ಬೈಯುತ್ತಿದ್ದವನು ಇಲಿಮನೆಯ ಮೇಲ್ವಿಚಾರಕ. ಸೊಂಟಕ್ಕೆ ಎರಡು ಡಜನ್ ಕೀಲಿ ನೇತುಹಾಕಿಕೊಂಡು ಝಣಝಣ ಓಡಾಡುತ್ತಿದ್ದುದರಿಂದ ನಮ್ಮ ಬಾಯಲ್ಲಿ ಅವನು ಬೀಗದಕೈ. ಅವನ ಬಾಯಲ್ಲಿ ನಾನು ಇಲಿಯಮ್ಮ, ಅದೂ ಅವನಿಗೆ ಸಿಟ್ಟಿಲ್ಲದ ದಿನ.

"ಹೊಟ್ಟಿಲ್ದೆ ಮರಿಗಳು ಎಲ್ಲಿ ಮಲಗ್ಬೇಕಣ್ಣಾ?"

"ಮಲಗಬಾರ್ದು ಅಂತಾನೇ ಅಲ್ವೇನೇ ಈ ಸಾಲು ಇರೋದು! ಎಡಗಡೆ ಸುಖದ ಸಾಲು, ನಾಲ್ಕು ಹಿಡಿ. ಬಲಗಡೆ ಕಷ್ಟದ ಸಾಲು, ಒಂದು ಹಿಡಿ. ಇಷ್ಟು ತಿಳ್ಕೊಳ್ಳೋಕೆ ಆಗಲ್ವಾ? ತಲೇಲೂ ಹೊಟ್ಟೇ ತುಂಬ್ಕೊಂಡಿದ್ಯಾ?"

ಕೆಲಸಕ್ಕೆ ಸೇರಿ ಆಗ ನಾಲ್ಕು ದಿನವಾಗಿತ್ತು. ಮೂರು ಹಿಡಿ ವಾಪಸ್ ತೆಗೆದೆ. ಪಂಜರದ ತಳ ಬರೀ ತಂತಿಬಲೆ. ಬಾಣಂತಿ ಇಲಿ ಆ ಒಂದು ಹಿಡಿ ಮರದ ಹೊಟ್ಟನ್ನು ಮೂಲೆಗೆ ಗುಡಿಸಿತು, ಸಾಲದೆಂದು ಇನ್ನೊಂದು ಮೂಲೆಗೆ ಎಳೆಯಿತು. ಕಣ್ಣು ಬಿಡದ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಎಲ್ಲಿ ಇಳಿಸಬೇಕೆಂದು ತಿಳಿಯದೆ ಸುತ್ತಿತು, ಸುತ್ತಿತು, ಕೊನೆಗೆ ಬೇರೆ ಮರಿಗಳ ಮೇಲೇ ಬೀಳಿಸಿ ತುಳಿದುಕೊಂಡು ಓಡಿತು. ನನಗೆ ನೋಡಲಾಗಲಿಲ್ಲ. ಗಂಡ ಬಿಟ್ಟುಹೋದ ವರ್ಷ ನಾನೂ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೀಗೇ ನಾಲ್ಕು ಮನೆ ಸುತ್ತಿದ್ದೆ.

ಸಂಶೋಧನಾಲಯಕ್ಕೆ ಬಂದವರಿಗೆಲ್ಲ ದೊಡ್ಡ ಡಾಕ್ಟರು ಇದನ್ನು ವಿವರಿಸುತ್ತಿದ್ದರು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. "ಚಿಕ್ಕಂದಿನ ಕಷ್ಟವನ್ನು ನಾವಿಲ್ಲಿ ತಯಾರು ಮಾಡ್ತೀವಿ. ಮರಿ ಬೆಳೆದ ಮೇಲೆ ಎರಡು ಸೀಸೆ ಇಡ್ತೀವಿ. ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಬರೀ ನೀರು. ಸುಖದಲ್ಲಿ ಬೆಳೆದಿದ್ದು ಸಿಹಿಯನ್ನೇ ಹುಡುಕಿ ಕುಡಿಯುತ್ತೆ. ಕಷ್ಟದಲ್ಲಿ ಬೆಳೆದಿದ್ದಕ್ಕೆ ಅದೂ ಒಂದೇ, ಇದೂ ಒಂದೇ. ಬಹುಮಾನ ಸಿಕ್ಕರೂ ಸಿಕ್ತು ಅಂತ ಅದರ ಮಿದುಳಿಗೆ ಅನ್ನಿಸೋದೇ ಇಲ್ಲ. ಹಾಗಾಗಿ ಕಲಿಯೋದೂ ನಿಧಾನ."

ಕಷ್ಟ ತಯಾರು ಮಾಡಲು ಇಷ್ಟು ದೊಡ್ಡ ಕಟ್ಟಡ! ನಮ್ಮ ಓಣಿಗೆ ಬಂದಿದ್ದರೆ ಪುಕ್ಕಟೆ ಸಿಗುತ್ತಿತ್ತು. ಆದರೂ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಬಲಗಡೆ ಸಾಲಿನ ಇಲಿಗಳು ಸಿಹಿ ಸೀಸೆಯ ಮುಂದೆಯೇ ಮಂಕಾಗಿ ಕೂತಿರುವುದನ್ನು ನಾನೇ ನೋಡಿದ್ದೇನೆ. ಆರು ತಿಂಗಳು ಹೇಳಿದ ಹಾಗೆ ಕೇಳಿದೆ. ಒಂದು ಹಿಡಿಗಿಂತ ಒಂದು ಚೂರು ಹೆಚ್ಚು ಹಾಕಲಿಲ್ಲ. ಆ ಮಂಕು ಬಡಿಸಿದ ಕೈ ನನ್ನದೇ.

ನನ್ನ ಮಗಳಿಗೆ ಎಂಟು ವರ್ಷ. ನಮ್ಮಂಥ ಕೆಲಸದವರ ಮಕ್ಕಳಿಗೆಂದು ಸಂಶೋಧನಾಲಯದವರೇ ನಡೆಸುವ ಶಾಲೆಗೆ ಹೋಗುತ್ತಾಳೆ. ಶಾಲೆಯ ಗೋಡೆ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂದು ಬರೆಸಲು ಜಾಗ ಸಾಲಲಿಲ್ಲವೇನೋ.

ಆ ಶಾಲೆಗೆ ಡಾಕ್ಟರ ಸಹಾಯಕಿ, ನಮ್ಮ ಟ್ಯಾಬ್ ಮೇಡಂ, ಪರೀಕ್ಷೆ ಮಾಡಲು ಬಂದರು. ಅವರು ಸದಾ ಹಿಡಿದಿರುವ ಟ್ಯಾಬಿನ ತೆರೆಯ ಮೇಲೆ ಎರಡು ಚಿತ್ರ ಬರುತ್ತವೆ. ಸರಿಯಾದದ್ದನ್ನು ಒತ್ತಿದರೆ ಒಂದು ನಕ್ಷತ್ರ. ಐವತ್ತು ನಕ್ಷತ್ರಕ್ಕೆ ಬಣ್ಣದ ಪೆನ್ಸಿಲಿನ ಡಬ್ಬಿ. ಮೊದಲ ದಿನ ನನ್ನ ಮಗಳಿಗೆ ಅರವತ್ತೊಂದು ಬಂತು. ಅಷ್ಟರಲ್ಲಿ ತಂದಿದ್ದ ಡಬ್ಬಿಗಳೆಲ್ಲ ಮುಗಿದುಹೋಗಿದ್ದವು. "ನಾಳೆ ಕೊಡ್ತೀನಿ ಪುಟ್ಟಾ" ಎಂದರಂತೆ. ಮನೆಗೆ ಬಂದವಳೇ ಕಪಾಟಿನ ಮೇಲಿದ್ದ ಪಾತ್ರೆಯೊಂದನ್ನು ಪಕ್ಕಕ್ಕೆ ಸರಿಸಿ ಡಬ್ಬಿಗೆ ಜಾಗ ಮಾಡಿದಳು. ಮಾರನೆಯ ದಿನ ಮೇಡಂ ನಿನ್ನೆಯ ನಕ್ಷತ್ರವೆಲ್ಲ ಅಳಿಸಿಹೋಗಿದೆ, ಮೊದಲಿಂದ ಶುರು ಮಾಡು ಎಂದರು. ಮೂರನೆಯ ದಿನ ಇವಳು ಕಿಟಕಿಯಾಚೆ ನೋಡಿಕೊಂಡು ಒತ್ತಿದಳು.

"ನೋಡದೆ ಯಾಕೇ ಒತ್ತಿದೆ?" ಎಂದು ಗದರಿದೆ.

"ನೋಡಿ ಒತ್ತಿದ್ರೂ ಕೊಡಲ್ಲ, ನೋಡದೆ ಒತ್ತಿದ್ರೂ ಕೊಡಲ್ಲ. ಸುಮ್ನೆ ಕಣ್ಣು ಯಾಕಮ್ಮಾ ನೋಯಿಸ್ಕೋಬೇಕು?"

ಹದಿನೈದು ದಿನದ ಮೇಲೆ ಕಾಗದ ಬಂತು. ನನಗೆ ಕೂಡಿಸಿ ಕೂಡಿಸಿ ಓದುವಷ್ಟು ಮಾತ್ರ ಬರುತ್ತದೆ. ಅದನ್ನು ಗಡಗಡ ಓದಿ ಹೇಳಿದವಳು ಮಗಳೇ. "ಬಹುಮಾನಕ್ಕೆ ಸ್ಪಂದನೆ ಕಡಿಮೆ. ಕಲಿಕೆಯ ವೇಗ ಕಡಿಮೆ. ಓದಿನ ತರಗತಿಯಿಂದ ಹೆಚ್ಚಿನ ಪ್ರಯೋಜನವಾಗದು." ಓದಿ ಮುಗಿಸಿ, "ಸ್ಪಂದನೆ ಅಂದ್ರೇನಮ್ಮಾ?" ಎಂದು ಕೇಳಿದಳು. ನನಗೇನು ಗೊತ್ತು!

ಬೇಸಿಗೆ ರಜೆ ಮುಗಿದ ಮೇಲೆ ಅವಳು ಓದಿನ ತರಗತಿಗೆ ಬರುವಂತಿಲ್ಲ, ಕೈಗೆಲಸದ ಕೋಣೆಗೆ ಹೋಗಬೇಕು ಎಂದರು ಹೆಡ್‌ಮೇಡಂ. ಅಲ್ಲಿ ಬಟ್ಟೆ ಮಡಚುವುದು, ಸೀಸೆ ತೊಳೆಯುವುದು, ನೆಲ ಒರೆಸುವುದು ಕಲಿಸುತ್ತಾರೆ.

"ಬೇಜಾರು ಮಾಡ್ಕೋಬೇಡಮ್ಮ. ಅದರಲ್ಲೂ ಭವಿಷ್ಯ ಇದೆ. ಮುಂದೆ ನಿನ್ನ ಜಾಗಕ್ಕೇ ಬರಬಹುದು."

"ನನ್ನ ಜಾಗಕ್ಕೆ ಬರಬಾರ್ದು ಅಂತಾನೇ ಮೇಡಂ ಇಲ್ಲಿಗೆ ಕಳಿಸ್ತಿರೋದು."

"ಡಾಕ್ಟ್ರು ರುಜು ಹಾಕಿ ಬದಲಾಯಿಸಿದ್ರೆ ಸರಿ. ನನ್ನ ಕೈಲೇನೂ ಇಲ್ಲ."

ಕಾಗದ ಹಿಡಿದು ಡಾಕ್ಟರ ಕೋಣೆಯ ಹೊರಗೆ ಮೂರು ದಿನ ನಿಂತೆ. ಮೂರನೆಯ ದಿನ ಆ ಉದ್ದನೆಯ ಕಾರಿಡಾರಿನಲ್ಲಿ ಸಿಕ್ಕರು. ಒಳ್ಳೆಯ ಮನುಷ್ಯ, ಬೈಯುವವರಲ್ಲ. ನನ್ನ ಮೈಯ ಇಲಿ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಮಾತಾಡಿದರು.

"ನೋಡಮ್ಮ, ಇದು ನಿನ್ನ ತಪ್ಪಲ್ಲ. ಮಗುವಿನ ತಪ್ಪೂ ಅಲ್ಲ. ಚಿಕ್ಕಂದಿನ ಕಷ್ಟ ಮಿದುಳಿನೊಳಗೇ ಕೂತುಬಿಡುತ್ತೆ."

"ಎಂಟು ವರ್ಷ ಚಿಕ್ಕ ವಯಸ್ಸೇ ಅಲ್ವಾ ಸಾರ್? ಈಗ ಕಷ್ಟ ತೆಗೆದ್ರೆ?"

ಡಾಕ್ಟರು ನಕ್ಕರು. "ಅದು ನಮ್ಮ ವಿಭಾಗ ಅಲ್ಲಮ್ಮ" ಎಂದು ಹೊರಟುಹೋದರು.

ಅವತ್ತು ಪಂಜರ ತೊಳೆಯುತ್ತಾ ನನಗೆ ಹೊಳೆದದ್ದು ಇಷ್ಟು. ಕಷ್ಟ ಹಾಕುವುದೂ ತೆಗೆಯುವುದೂ ಇಲಿಮನೆಯಲ್ಲಿ ಯಾವ ಡಾಕ್ಟರ ವಿಭಾಗವೂ ಅಲ್ಲ, ನನ್ನದು.

ಮುಂದಿನ ಸೋಮವಾರ ಹೊಸ ಬಾಣಂತಿಗಳು ಬಂದವು. ಬೀಗದಕೈ ತಪಾಸಣೆಗೆ ಬರುವುದು ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ. ಹತ್ತೂ ಕಾಲಿಗೆ ಬಲಗಡೆ ಸಾಲಿಗೆ ಇನ್ನೂ ಮೂರು ಹಿಡಿ ಸೇರಿಸಿ ನಾಲ್ಕು ಮಾಡಿದೆ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮೂರು ಹಿಡಿ ತೆಗೆದು ಚೀಲಕ್ಕೆ ತುಂಬಿದೆ. ಅವನು ಎಣಿಸಿ ನೋಡಿ ತೃಪ್ತಿಯಾಗಿ ಹೋದ ಮೇಲೆ ಮತ್ತೆ ಹಾಕಿದೆ. ಮರಿಗಳು ಕಣ್ಣು ಬಿಡುವವರೆಗೂ ಬೆಳಿಗ್ಗೆ, ಸಂಜೆ ಇದೇ ಆಟ. ಮೊದಲ ದಿನವೇ ಇಲಿ ಗೂಡು ಕಟ್ಟಿ, ಮರಿಗಳನ್ನೆಲ್ಲ ಒಳಗೆ ಸೇರಿಸಿಕೊಂಡು, ಮೈಚಾಚಿ ಮಲಗಿತು. ನಾನು ಚೀಲದ ಮೇಲೆ ಕೂತು ಅತ್ತುಬಿಟ್ಟೆ.

ಸೀಸೆ ತೊಳೆಯುವ ತಾತ ಎಲ್ಲವನ್ನೂ ನೋಡುತ್ತಿದ್ದ.

"ಏನೂ ಕಾಣ್ಲಿಲ್ಲ ಕಣವ್ವ ನಂಗೆ" ಎಂದ. "ಎರಡೂ ಕಣ್ಣಿಗೆ ಪೊರೆ." ಹಾಗೆಂದು ಬಾಗಿಲ ಹತ್ತಿರ ಕೂತು, ಕೀಲಿಗೊಂಚಲಿನ ಸದ್ದು ದೂರದಲ್ಲಿ ಕೇಳಿದರೆ ಸಾಕು, ಕೆಮ್ಮುತ್ತಿದ್ದ. ತಾತನಿಗೆ ಅಷ್ಟು ಕೆಮ್ಮು ಹಿಂದೆಂದೂ ಬಂದಿರಲಿಲ್ಲ.

ಮರಿಗಳು ಬೆಳೆದವು. ಸೀಸೆ ಪರೀಕ್ಷೆ ಶುರುವಾಗಿ ವಾರವಾಯಿತು. ಟ್ಯಾಬ್ ಮೇಡಂ ಬಲಗಡೆಯ ಸೀಸೆಗಳನ್ನು ತೂಗುವರು, ಮುಖ ಸಣ್ಣದು ಮಾಡಿಕೊಂಡು ಮತ್ತೆ ತೂಗುವರು. ಡಾಕ್ಟರಿಗೆ ಹೇಳುವ ಧೈರ್ಯವಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಷ್ಟರಲ್ಲಿ ಸಂಶೋಧನೆಗೆ ನೆರವು ಕೊಡುವ ಅತಿಥಿಗಳು ಬರುವ ದಿನವೇ ಬಂದುಬಿಟ್ಟಿತು.

ಐದು ಜನ ಅತಿಥಿಗಳು ಬಿಳಿ ಕೋಟು ತೊಟ್ಟು ಇಲಿಮನೆಯೊಳಗೆ ಸಾಲಾಗಿ ನಿಂತರು. ಡಾಕ್ಟರು ಪಂಜರಗಳಿಗೆ ಬೆನ್ನು ಹಾಕಿ ಬಾಯಿಪಾಠ ಒಪ್ಪಿಸಿದರು. "ಈ ಬಲಗಡೆಯವಕ್ಕೆ ಸಿಹಿಯ ಆಸೆಯೇ ಸತ್ತುಹೋಗಿದೆ."

ಅತಿಥಿಗಳಲ್ಲೊಬ್ಬರು ಕಿಸಕ್ಕನೆ ನಕ್ಕರು. ಡಾಕ್ಟರು ತಿರುಗಿದರು. ಬಲಗಡೆ ಸಾಲಿನ ಇಲಿಗಳು ಒಂದರ ಮೇಲೊಂದು ಬಿದ್ದು ಸಿಹಿ ಸೀಸೆಗೆ ಬಾಯಿ ಹಾಕಿದ್ದವು. ಬರೀ ನೀರಿನ ಸೀಸೆ ಹಾಗೇ ಇತ್ತು.

"ಸೀಸೆ ತುಂಬಿದ್ದು ಯಾರು?"

ಬೀಗದಕೈ ಓಡಿಬಂದು ತಾತನ ಕತ್ತುಪಟ್ಟಿ ಹಿಡಿದ. "ಇವನೇ ಸಾರ್! ಕಣ್ಣು ಕಾಣ್ದಿರೋ ಬೋಳಿಮಗ, ಅದಲುಬದಲು ಮಾಡವ್ನೆ! ಇವತ್ತಿಗೆ ಮುಗೀತು ನಿನ್ ಕೆಲ್ಸ, ನಡಿಯೋ ಆಚೆಗೆ!"

ತಾತ ನನ್ನ ಕಡೆ ನೋಡಲಿಲ್ಲ. ಕೆಮ್ಮಿದ, ಅಷ್ಟೇ. ಅವನು ನೋಡಿದ್ದರೆ ನಾನು ತಲೆ ತಗ್ಗಿಸಿ ಸುಮ್ಮನಿದ್ದುಬಿಡುತ್ತಿದ್ದೆನೇನೋ.

"ತಾತನ್ನ ಬಿಡು. ಸೀಸೆ ಸರಿಯಾಗೇ ಇದೆ" ಎಂದೆ. "ಹೊಟ್ಟು ನಾನು ಹಾಕ್ದೆ. ನಾಲ್ಕು ಹಿಡಿ."

"ಲೌಡಿ!" ಎಂದು ಬೀಗದಕೈ ಕೈಯೆತ್ತಿದ. ಅತಿಥಿಗಳಿದ್ದುದರಿಂದ ಆ ಕೈ ತಲೆ ಕೆರೆದುಕೊಂಡು ಕೆಳಗಿಳಿಯಿತು.

ಡಾಕ್ಟರು ಬಿಳಿಚಿಕೊಂಡಿದ್ದರು. "ಏನು ಮಾಡಿದ್ದೀಯ ಅಂತ ಗೊತ್ತಾ ನಿನಗೆ? ಎಲ್ಲಾ ಹಾಳಾಯ್ತು!"

"ಏನು ಹಾಳಾಯ್ತು ಸಾರ್? ನೀವು ಹೇಳಿದ್ದೇ ನಿಜ ಆಯ್ತಲ್ಲ. ಹಾಸಿಗೆ ಕಿತ್ರೆ ಮಂಕು, ಹಾಸಿಗೆ ಹಾಕಿದ್ರೆ ಚುರುಕು." ನನ್ನ ಕೆಲಸದ ಕೋಟಿನ ಜೇಬಿನಿಂದ ಮಗಳ ಕಾಗದ ತೆಗೆದು ಮೇಜಿನ ಮೇಲಿಟ್ಟೆ. "ಇದು ನನ್ನ ಮಗಳದ್ದು. ಬಹುಮಾನ ಕೊಟ್ರೂ ಗೊತ್ತಾಗಲ್ಲ ಅಂತ ಬರ್ದಿದ್ದೀರಿ. ಕೊಟ್ಟಿದ್ರಾ ಅಂತ ಮೊದ್ಲು ಈ ಮೇಡಂನ ಕೇಳಿ. ಅರವತ್ತೊಂದು ನಕ್ಷತ್ರ ತಗೊಂಡಿದ್ಲು."

ಟ್ಯಾಬ್ ಮೇಡಂ ಟ್ಯಾಬಿನೊಳಗೇ ಮುಖ ಇಟ್ಟರು. "ಸ್ಟಾಕ್ ಬಂದಿರಲಿಲ್ಲ ಸಾರ್..."

ಅತಿಥಿಗಳಲ್ಲಿ ದಪ್ಪ ಕನ್ನಡಕದ ಅಜ್ಜಿಯೊಬ್ಬರಿದ್ದರು. "ಆ ಮಗು ಎಲ್ಲಿದೆ?" ಎಂದು ಕೇಳಿದರು.

ಎಲ್ಲಿರುತ್ತಾಳೆ? ಶಾಲೆಗೆ ಇನ್ನೂ ರಜೆ, ಮನೆಯಲ್ಲಿ ಯಾರೂ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ಹಳೆಯ ಪೇಪರು ಹರಡಿಕೊಂಡು ಕೂತಿದ್ದಳು. ಕರೆತಂದರು. ಡಾಕ್ಟರ ಮುಖಕ್ಕೆ ಜೀವ ಬಂತು. ಮಗು ಎಲ್ಲರೆದುರು ತಪ್ಪು ಒತ್ತಿದರೆ ಇಲಿಗಳಿಂದ ಹೋದ ಮಾನ ವಾಪಸ್ ಬರುತ್ತದಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸರಿಯಾಗಿ ಒತ್ತಮ್ಮಾ, ಇದೊಂದು ಸಲ ನೋಡಿಕೊಂಡು ಒತ್ತು, ಎಂದು ನಾನು ಕಂಡಕಂಡ ದೇವರನ್ನೆಲ್ಲ ಬೇಡಿಕೊಂಡೆ.

ಅವಳನ್ನು ಮೇಜಿನ ಒಂದು ಕಡೆ ಕೂರಿಸಿದರು. ಎದುರಿಗೆ ಡಾಕ್ಟರು ಅದೇ ಕಾಗದ, ಪೆನ್ನು ಇಟ್ಟುಕೊಂಡು ಕೂತರು. ಟ್ಯಾಬಿನಲ್ಲಿ ಎರಡು ಚಿತ್ರ ಬಂದವು.

"ಒತ್ತು ಪುಟ್ಟಾ" ಎಂದರು ಮೇಡಂ. "ಐವತ್ತು ನಕ್ಷತ್ರ ಬಂದ್ರೆ ಡಬ್ಬಿ ಕೊಡ್ತೀನಿ."

ಮಗಳು ಚಿತ್ರ ನೋಡಲಿಲ್ಲ. ಮೇಡಂ ಮುಖ ನೋಡಿದಳು. ಬಲಗೈ ಮುಂದೆ ಚಾಚಿ ಅಂಗೈ ಬಿಡಿಸಿದಳು.

"ಮೊದ್ಲು ಡಬ್ಬಿ ಕೊಡಿ. ಆಮೇಲೆ ಒತ್ತೀನಿ."

ಯಾರೋ ನಕ್ಕರು. ಕನ್ನಡಕದ ಅಜ್ಜಿ ನಗಲಿಲ್ಲ. ಮೇಡಂ ಚೀಲ ತಡಕಿದರು, ಮೇಜಿನ ಖಾನೆ ಎಳೆದರು. ಉಗ್ರಾಣದಲ್ಲಿರಬೇಕೆಂದು ಬೀಗದಕೈ ಓಡಿದ. ಅಷ್ಟು ಕೀಲಿಗಳಲ್ಲಿ ಉಗ್ರಾಣದ್ದು ಯಾವುದೆಂದು ಗೊತ್ತಾಗದೆ ಬಾಗಿಲಲ್ಲೇ ಝಣಝಣ ಹುಡುಕುತ್ತಿದ್ದುದು ಒಳಗಿನವರಿಗೆಲ್ಲ ಕೇಳುತ್ತಿತ್ತು.

"ನಾಳೆ ಖಂಡಿತ ಕೊಡ್ತೀನಿ ಪುಟ್ಟಾ, ಈಗ ಒತ್ತು."

ಕೈ ಹಾಗೇ ಇತ್ತು.

"ಹಟ ಮಾಡಬಾರದು" ಎಂದರು ಡಾಕ್ಟರು. ನನ್ನ ಕಡೆ ತಿರುಗಿ, "ಹೇಳಮ್ಮ ನಿನ್ನ ಮಗಳಿಗೆ" ಎಂದರು. ಒಂದು ಮಾತು ಸಾಕಿತ್ತು. 'ಒತ್ತೇ' ಎಂದಿದ್ದರೆ ಒತ್ತುತ್ತಿದ್ದಳು, ಅರವತ್ತೊಂದಲ್ಲ ನೂರು ನಕ್ಷತ್ರ ತರುತ್ತಿದ್ದಳು, ರುಜುವೂ ಬೀಳುತ್ತಿತ್ತೇನೋ. ಆ ಪುಟ್ಟ ಅಂಗೈ ನೋಡಿದೆ. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

ಡಾಕ್ಟರು ನಿಟ್ಟುಸಿರು ಬಿಟ್ಟು, ಕಾಗದವನ್ನು ಹತ್ತಿರ ಎಳೆದುಕೊಂಡು, ಕೊನೆಯ ಸಾಲಿನ ಕೆಳಗೆ ಏನೋ ಬರೆದರು.

ಮಗಳು ಕೈ ಇಳಿಸಲಿಲ್ಲ. ಕತ್ತು ಮಾತ್ರ ಸ್ವಲ್ಪ ಓರೆ ಮಾಡಿ, ಮೇಜಿನ ಆಚೆಗೆ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ಒಂದೂ ತಪ್ಪಿಲ್ಲದೆ ಗಟ್ಟಿಯಾಗಿ ಓದಿದಳು.

"ಮಗು ಸಹಕರಿಸಲಿಲ್ಲ. ಓದಿನ ತರಗತಿಗೆ ಯೋಗ್ಯಳಲ್ಲ."

ಪೆನ್ನು ರುಜುವಿನ ಜಾಗದಲ್ಲಿ ನಿಂತಿತ್ತು. ಹಿಂದೆ ಬಲಗಡೆ ಸಾಲಿನ ಇಲಿಗಳು ಸಿಹಿ ನೀರು ಚಪ್ಪರಿಸುತ್ತಲೇ ಇದ್ದವು.

"ಡಬ್ಬಿ?" ಎಂದಳು ಮಗಳು.