ಫುಕಟ್ ಸಾಫ್ಟ್‌ವೇರಿನ ಹನ್ನೆರಡು ವಿದ್ಯಾರ್ಥಿಗಳು

ಮರಾಠಿ ನಾಡಿನ ಹಡಪಸರದ ಆ ಕಚೇರಿಯಲ್ಲಿ ಮಾಂತುವಿನ ಮೇಜು ಇದ್ದದ್ದು ಝೆರಾಕ್ಸ್ ಯಂತ್ರದ ಹಿಂದೆ. ಬೇರೆಯವರು ಬರೆದದ್ದನ್ನು ಟೈಪು ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾಕೆ ಎಂದು ಯಾರೋ ತೀರ್ಮಾನಿಸಿದ್ದರು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು, ಮಾರ್ಕೆಟ್ ಯಾರ್ಡಿನಲ್ಲಿ ನಾಲ್ಕು ವರ್ಷ ಉಳ್ಳಾಗಡ್ಡಿ ಚೀಲ ಹೊತ್ತು, ಅಲ್ಲಿಯ ಅಡತಿ ದಲ್ಲಾಳಿಯ ಅಂಗಡಿಯ ಕಂಪ್ಯೂಟರಿನಲ್ಲಿ ತಾನೇ ಬೆರಳು ಕುಟ್ಟಿ ಟೈಪಿಂಗ್ ಕಲಿತವನು ಅವನು. ಈ ಕಂಪನಿ ಗೋದಾಮಿನ ಕೆಲಸಗಾರರಿಗಾಗಿ ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠಗಳನ್ನು ತಯಾರಿಸುತ್ತಿತ್ತು. ಭಾರ ಎತ್ತುವುದು ಹೇಗೆ, ಚೀಲ ಒಟ್ಟುವುದು ಹೇಗೆ. ಬರೆಯುತ್ತಿದ್ದವರು ಜನ್ಮದಲ್ಲಿ ಒಂದು ಚೀಲ ಮುಟ್ಟದ ಇಂಜಿನಿಯರುಗಳು. ಟೈಪು ಮಾಡುವಾಗಲೆಲ್ಲ ಮಾಂತುವಿಗೆ ಮೈ ಉರಿಯುತ್ತಿತ್ತು.

೨೦೦೭ರ ಮಳೆಗಾಲ ಮುಗಿಯುವ ಹೊತ್ತಿಗೆ, ಪಾಠ ಕಟ್ಟುವ ದುಬಾರಿ ಸಾಫ್ಟ್‌ವೇರಿನ ಲೈಸೆನ್ಸೂ ಮುಗಿಯಿತು. ಮ್ಯಾನೇಜರ್ ಮಧುಕರ ಧಾರವಾಡದ ಕಡೆಯವರು. ಮಾಂತುವನ್ನು ಒಳಗೆ ಕರೆದರು.

“ಓಪನ್ ಸೋರ್ಸ್ ಅಂತ ಕೇಳೀಯೇನಪಾ?”

“ಕೇಳೇನ್ರಿ. ಫುಕಟ್ ಸಿಗ್ತಾವ್ರಿ. ಒಳಗಿಂದು ಬಿಚ್ಚಿ ನೋಡಾಕೂ ಬಿಡ್ತಾರ್ರಿ.”

“ಹಾಂ. ಅಂಥವು ಮೂರು ಆರಿಸಿಟ್ಟೇನಿ. ಮೂರರಾಗೂ ಅದೇ ಒಂದು ಪಾಠ ಕಟ್ಟು. ಹನ್ನೆರಡು ಮಂದೀನ ಕೂಡ್ಸಿ ನೋಡು. ಯಾವುದು ನಡೀತದ, ಯಾವುದು ಕೈ ಕೊಡ್ತದ, ರಿಪೋರ್ಟ್ ಬರಿ. ಛಲೋ ಆತಂದ್ರ ಟೈಪಿಂಗ್ ಬಿಡಸ್ತೀನಿ. ಪಾಠ ಕಟ್ಟೋ ಕೆಲಸ ನಿಂದು.”

ಮಾಂತು ಹತ್ತು ದಿನ ತಲೆ ಎತ್ತಲಿಲ್ಲ. ಇಂಜಿನಿಯರುಗಳ ಹಳೆಯ ಮರಾಠಿ ಪಾಠವೊಂದನ್ನು ಇದ್ದದ್ದು ಇದ್ದ ಹಾಗೆಯೇ ಎತ್ತಿ ಮೂರರಲ್ಲೂ ಕಟ್ಟಿದ. ಮೊದಲನೆಯದು ಹಗುರ, ಆದರೆ ನಡುವೆ ಮುಚ್ಚಿದರೆ ಮತ್ತೆ ಒಂದನೇ ಪುಟದಿಂದ ಶುರು. ಎರಡನೆಯದು ನೋಡಲು ಕುರೂಪಿ, ಆದರೆ ಬಿಟ್ಟ ಪುಟವನ್ನು ನೆನಪಿಡುತ್ತಿತ್ತು, ಇಂಟರ್ನೆಟ್ ಇಲ್ಲದೆಯೂ ಓಡುತ್ತಿತ್ತು. ಮೂರನೆಯದು ಭಾರೀ ಚಂದ. ನೆಟ್ ಹೋದರೆ ಸತ್ತು ಬೀಳುತ್ತಿತ್ತು. ಗೋದಾಮಿನಲ್ಲಿ ಎಲ್ಲಿಯ ನೆಟ್ಟು?

ಇನ್ನು ಹನ್ನೆರಡು ಜನ ಬೇಕಿತ್ತು. ಕಚೇರಿಯಲ್ಲಿ ಒಬ್ಬೊಬ್ಬರ ಮೇಜಿಗೂ ಹೋಗಿ ಕೇಳಿದ. ನಾಳೆ ಅಂದರು, ಸೋಮವಾರ ಅಂದರು. ಇಂಜಿನಿಯರ್ ವರದಾ ಊಟಕ್ಕೆ ಮಗರಪಟ್ಟಾಗೆ ಹೊರಟವಳು ಮೆಟ್ಟಿಲ ಹತ್ತಿರ ನಿಂತು ನಕ್ಕಳು.

“ಫುಕಟ್ ಸಾಫ್ಟ್‌ವೇರಿಗೆ ಫುಕಟ್ ಪರೀಕ್ಷಕ! ನೀನೇ ಕೂಡೋ ಮಾಂತ್ಯಾ, ಹನ್ನೆರಡು ಸಲ.”

ಎಲ್ಲರೂ ಒಟ್ಟಾಗಿ ಇಳಿದುಹೋದರು. ನೀನೂ ಬಾ ಅಂತ ಒಂದು ಬಾಯಿ ಅನ್ನಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಅಂದಿರಲಿಲ್ಲ. ಮಾಂತು ಡಬ್ಬಿ ಬಿಚ್ಚಲಿಲ್ಲ. ಹಲ್ಲು ಕಚ್ಚಿಕೊಂಡು ಕಂಪ್ಯೂಟರಿನಲ್ಲಿ ಮೊದಲ ವಿದ್ಯಾರ್ಥಿಯ ಹೆಸರು ಹಾಕಿದ: ಲಾಲಪ್ಪ. ಮಾರ್ಕೆಟ್ ಯಾರ್ಡಿನ ಅವನ ಹಮಾಲರ ಟೋಳಿಗೆ ಮುಖ್ಯಸ್ಥ, ಮುಕಾದಮ. ಲಾಲಪ್ಪ ಹೇಗೆ ಒತ್ತುತ್ತಿದ್ದನೋ ಹಾಗೆ ತಾನೇ ಕೀಲಿ ಒತ್ತಿದ. ಅವಸರದಲ್ಲಿ, ಪ್ರಶ್ನೆ ಪೂರ್ತಿ ಓದದೆ. ಎಂಟು ಸರಿ, ಎರಡು ತಪ್ಪು. ಮರುದಿನದ ಊಟದ ಹೊತ್ತಿಗೆ ರುದ್ರವ್ವ, ಉಳ್ಳಾಗಡ್ಡಿ ಆರಿಸುವವಳು. ಓದಲು ಬಾರದು, ಕೇಳಲು ನಾಚಿಕೆ. ನಾಲ್ಕನೇ ಪುಟದಲ್ಲಿ ಬಿಟ್ಟೆದ್ದಳು. ಗೌರಾಬಾಯಿ, ಸಿದ್ದಾರೂಢ, ಮಾನಮ್ಮ… ಹನ್ನೆರಡು ಹೆಸರು ಮುಗಿಯುವವರೆಗೆ ದಿನವೂ ಮಧ್ಯಾಹ್ನ ಒಂದರಿಂದ ಎರಡರವರೆಗೆ ಖಾಲಿ ಕಚೇರಿಯಲ್ಲಿ ಮಾಂತು ಒಬ್ಬನೇ ಇರಲಿಲ್ಲ. ಅವರ ಪರವಾಗಿ ಗೊಣಗಿದ, ಬೈದ, ಒಂದೆರಡು ಸಲ ಜೋರಾಗಿ ನಕ್ಕೂಬಿಟ್ಟ.

ರಿಪೋರ್ಟ್ ಓದುತ್ತಾ ಮಧುಕರ ಕನ್ನಡಕ ತೆಗೆದರು.

“ಈಕಿ ರುದ್ರವ್ವ ನಾಲ್ಕನೇ ಪುಟಕ್ಕ ಯಾಕ ಬಿಟ್ಟಳೋ?”

“ಓದಾಕ ಬರಾಂಗಿಲ್ರಿ. ಮಂದಿ ಮುಂದ ಕೇಳಾಕ ಮರ್ಯಾದಿ. ಎರಡನೇ ಸಾಫ್ಟ್‌ವೇರ್ ಆದ್ರ ನಾಳೆ ಯಾರನ್ನರ ಕರ್ಕೊಂಡು ಬಂದು ಅಲ್ಲಿಂದನ ಶುರು ಮಾಡಬಹುದ್ರಿ.”

“ಭೇಷ್! ನಮ್ಮ ಡಿಗ್ರಿ ಮಂದಿ ಒಬ್ಬರೂ ಹಿಂಗ ಬರದಿಲ್ಲ ನೋಡು. ಶುಕ್ರವಾರ ಗೋದಾಮಿನ ಮಾಲಕರು ಬರ್ತಾರ. ಈ ಲಾಲಪ್ಪನ್ನ, ರುದ್ರವ್ವನ್ನ ಕರ್ಕೊಂಡು ಬಾ. ಅವರ ಬಾಯಿಂದನ ಹೇಳ್ಲಿ.”

ಮಾಂತು ಹೂಂ ಅಂದ.

ಗುರುವಾರ ಬೆಳಿಗ್ಗೆ ಕಚೇರಿಯ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋದ. ನಿಮ್ಮಂಗ ಚೀಲದ ಬುಡಕ ಸಾಯೂದಿಲ್ಲ ಅಂತ ಟೋಳಿಯ ಎದುರು ಕೂಗಾಡಿ ಬಂದ ಮೇಲೆ ಆ ಗೇಟು ದಾಟಿರಲಿಲ್ಲ. ಲಾಲಪ್ಪ ಚೀಲಕ್ಕೆ ಒರಗಿ ಚಹಾ ಕುಡಿಯುತ್ತಿದ್ದ.

“ಬರ್ರಿ ಸಾಹೇಬ್ರ! ದಾರಿ ತಪ್ಪಿತೇನು?”

ಮಾಂತು ಮುಚ್ಚಿಡಲಿಲ್ಲ. ಎಲ್ಲ ಹೇಳಿದ. ಲಾಲಪ್ಪ ಕಪ್ಪು ಕೆಳಗಿಟ್ಟ.

“ಅಂದ್ರ ನಾ ಇಲ್ಲದ ನಾ ಪರೀಕ್ಷಾ ಬರದೇನಿ? ಪಾಸಾಗೇನೋ ಇಲ್ಲೋ?”

“ಆಗೀಯಪ್ಪಾ. ಹತ್ತಕ್ಕ ಎಂಟು.”

“ಎರಡು ಯಾಕ ಕಡದಿ ಮಗನ?” ಎಂದು ಲಾಲಪ್ಪ ರೇಗಿದ. ಸುತ್ತಲಿನವರು ಬಿದ್ದು ಬಿದ್ದು ನಕ್ಕರು. “ರುದ್ರವ್ವಂದು?”

“ನಾಲ್ಕನೇ ಪುಟಕ್ಕ ಬಿಟ್ಲು. ಓದಾಕ ಬರಾಂಗಿಲ್ಲಲ್ಲ.”

ನಗು ನಿಂತಿತು. “ಯಾವಾಗಿನ ಮಾತೋ?” ಎಂದ ಲಾಲಪ್ಪ. “ಆಕಿ ಹೆಣ್ಣುಮಕ್ಕಳ ಕ್ಲಾಸಿಗೆ ಹೋಗಾಕತ್ತಿ ವರ್ಷ ಆತು. ಬಂದ ಲಾರಿ ಚೀಟಿ ಎಲ್ಲಾ ಆಕೀನ ಓದ್ತಾಳ. ನಿನಗ ಯಾರು ಹೇಳಬೇಕು?”

ರುದ್ರವ್ವ ಕೈ ಒರೆಸಿಕೊಂಡು ಬಂದಳು. ಮಾಂತು ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡನೇ ಸಾಫ್ಟ್‌ವೇರಿನ ಪಾಠ ತೆರೆದ. ಅವಳು ಒಂದೊಂದೇ ಅಕ್ಷರಕ್ಕೆ ತುಟಿ ಅಲ್ಲಾಡಿಸುತ್ತಾ ಮೂರು ಪುಟ ದಾಟಿದಳು. ನಾಲ್ಕನೆಯದರಲ್ಲಿ ನಿಂತಳು.

“ಇಲ್ಲಿ ನೋಡಪಾ. ಈ ಚಿತ್ರದಾಗ ಒಬ್ಬನೇ ಮೊಣಕಾಲು ಮಡಚಿ ಚೀಲ ಎತ್ತಾಕತ್ತಾನ. ಇಬ್ಬರು ಎತ್ತಿ ಕೊಡಲಾರದೆ ಯಾವ ಹಮಾಲ ಹೊರ್ತಾನ? ಇದನ್ನ ಕಟ್ಟಿದಾಂವ ಎಂದರ ಚೀಲ ಹೊತ್ತಾನೇನು?”

ನಾಲ್ಕು ವರ್ಷ ಮಾಂತುವಿನ ಬೆನ್ನಿಗೆ ಚೀಲ ಎತ್ತಿಟ್ಟ ಇಬ್ಬರೂ ಅಲ್ಲೇ ನಿಂತಿದ್ದರು. ಆ ಚಿತ್ರವನ್ನು ಅವನು ಮೂರು ಸಾಫ್ಟ್‌ವೇರಿನಲ್ಲಿ ಮೂರು ಸಲ ಅಂಟಿಸಿದ್ದ. ಹನ್ನೆರಡು ಜನರ ಹೆಸರಿನಲ್ಲಿ ಅದರ ಮುಂದೆ ಕೂತಿದ್ದ. ಒಬ್ಬರೂ ಏನೂ ಅಂದಿರಲಿಲ್ಲ.

ರುದ್ರವ್ವ ಹದಿನೆಂಟು ನಿಮಿಷದಲ್ಲಿ ಮುಗಿಸಿದಳು. “ಇನ್ನೇನರ ಅದ?” ಎಂದಳು. ಲಾರಿ ಬಂತೆಂದು ಯಾರೋ ಕೂಗಿದರು. ಶುಕ್ರವಾರ ದೊಡ್ಡ ಹರಾಜು, ಯಾರೂ ಬರುವ ಹಾಗಿಲ್ಲ ಎಂದು ಲಾಲಪ್ಪ ಹೇಳಿದ. ಎಲ್ಲರೂ ಕೆಲಸಕ್ಕೆ ಹಿಂದಿರುಗಿದರು. ಮಾಂತುವಿನ ಪಕ್ಕದಿಂದಲೇ ಚೀಲಗಳು ಹೋಗತೊಡಗಿದವು. “ಸಾಹೇಬ್ರ, ಸರೀರಿ,” ಎಂದು ಒಬ್ಬ ಹೊಸ ಹಮಾಲ ಮರಾಠಿಯಲ್ಲಿ ಕೂಗಿದ. ಮಾಂತು ಲ್ಯಾಪ್‌ಟಾಪ್ ಎತ್ತಿಕೊಂಡು ಗೋಡೆಗೆ ಸರಿದ.

ಆ ಮಧ್ಯಾಹ್ನವೇ ರಿಪೋರ್ಟನ್ನು ಹೊಸದಾಗಿ ಬರೆದು ಮಧುಕರರ ಮುಂದಿಟ್ಟ. ಪರೀಕ್ಷೆಗೆ ಕೂತವರು ಎನ್ನುವಲ್ಲಿ ಒಂದೇ ಹೆಸರಿತ್ತು: ರುದ್ರವ್ವ. ಉಳಿದ ಹನ್ನೊಂದು ತಾನೇ ಎಂದೂ ಬರೆದಿದ್ದ.

ಮಧುಕರ ಬಹಳ ಹೊತ್ತು ಓದಿದರು. “ನಾಳೆ ಅವರ ಮುಂದ ನಾ ಏನಂತ ಹೇಳ್ಲಿ? ನಿನ್ನ ಮ್ಯಾಲೆ ಭರವಸಾ ಇಟ್ಟಿದ್ನಲ್ಲೋ.”

“ತಪ್ಪಾತ್ರಿ.”

“ಮೂರೂ ಸಾಫ್ಟ್‌ವೇರ್ ವರದಾಳ ಕೈಯಾಗ ಕೊಡ್ತೀನಿ. ಆಕಿ ಮತ್ತ ನೋಡ್ಲಿ. ನೀ ಟೈಪಿಂಗಿಗೆ ಹೋಗು.”

“ಹೋಗ್ತೀನ್ರಿ. ಆದ್ರ ರುದ್ರವ್ವ ಹೇಳಿದ್ದು ಖರೇ ಅದರಿ. ಆ ಚಿತ್ರ ಬದಲಿ ಮಾಡಸ್ರಿ. ರಿಪೋರ್ಟಿನಾಗ ಆಕಿ ಹೇಳಿದ ಆ ಒಂದು ಸಾಲು ತಗೀಬ್ಯಾಡ್ರಿ.”

ಮಾಂತು ಝೆರಾಕ್ಸ್ ಯಂತ್ರದ ಹಿಂದೆ ಹೋಗಿ ಕೂತ. ಆ ಚಿತ್ರದ ಕೆಳಗಿನ ಸಾಲುಗಳನ್ನು ಯಾರೂ ಹೇಳದೆಯೇ ಬೇರೆ ಹಾಳೆಯಲ್ಲಿ ತಿದ್ದತೊಡಗಿದ: ಇಬ್ಬರು ಎತ್ತಬೇಕು, ಮೂರನೆಯವನು ಬೆನ್ನು ಕೊಡಬೇಕು.