ಇಬ್ಬರೇ ಉಳಿದಾಗ

ಬೂದು ಕೋಟಿನವನು ತನ್ನ ಎಲೆಗಳನ್ನು ನೋಡುತ್ತಲೇ ಇರಲಿಲ್ಲ. ಗಾರ್ಡೀನಾದ ಆ ಇಸ್ಪೀಟ್ ಹಾಲ್‌ನಲ್ಲಿ ಇಪ್ಪತ್ತು ವರ್ಷ ಕೂತೆದ್ದ ನದೀನ್ ಎಂಥೆಂಥ ಹುಂಬರನ್ನೋ ಕಂಡಿದ್ದಳು. ಕುಡಿದು ಪಣ ಏರಿಸುವವರು, ಹೆಂಡತಿಯ ಮೇಲಿನ ಸಿಟ್ಟಿಗೆ ಏರಿಸುವವರು. ಅಂಥವರೂ ಕದ್ದಾದರೂ ಒಮ್ಮೆ ಎಲೆಯ ತುದಿ ಎತ್ತಿ ನೋಡುತ್ತಿದ್ದರು. ಇವನು ಎರಡು ಎಲೆ ಮುಂದೆ ಬಿದ್ದ ಕೂಡಲೇ ಏರಿಸುತ್ತಿದ್ದ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಎಲೆ ತೆರೆದಾಗಲೂ ಏರಿಸುತ್ತಿದ್ದ. ಯಾರಾದರೂ ಅವನ ಮೇಲೆ ಏರಿಸಿದರೆ, ಅದಕ್ಕೇ ಕಾದಿದ್ದವನಂತೆ ಮತ್ತೆ ಏರಿಸುತ್ತಿದ್ದ.

ಅವಳು ಆಡುತ್ತಿದ್ದುದು ಕಟ್ಟುಪಣದ ಆಟ. ದುಡ್ಡಿನ ಬದಲಿಗಿಡುವ ಬಿಲ್ಲೆ ಒಂದು ಸಲಕ್ಕೆ ಇಷ್ಟೇ, ಒಂದು ಸುತ್ತಿನಲ್ಲಿ ಮೂರೇ ಏರಿಕೆ. ಆದರೆ ಎದುರೆದುರು ಇಬ್ಬರೇ ಉಳಿದರೆ ಕಟ್ಟು ಬಿಚ್ಚುತ್ತಾರೆ. ಆಮೇಲೆ ಯಾರಿಗಾದರೂ ಸಾಕೆನಿಸುವವರೆಗೆ ಏರಿಸುತ್ತ ಹೋಗಬಹುದು. ಅಲ್ಲಿಯವರು ಯಾರೂ ಈ ನಿಯಮದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ನದೀನ್‌ಗೆ ಅದು ತಲೆ ಹೊಕ್ಕಿದ್ದು ಕಿಯೋಕೊ ಹೋದ ಮೇಲೆ.

ಕಿಯೋಕೊ ಹಮಾದಾ ಹೂಗಿಡದ ನರ್ಸರಿಯವಳು, ನದೀನ್‌ಳ ಹಳೆಯ ಗೆಳತಿ. ಕಾಫಿಯ ಜೊತೆ ಕೊಟ್ಟ ಸಕ್ಕರೆ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳುವಷ್ಟು ಜುಗ್ಗಿ. ಸೋಮವಾರ ಅವಳೂ ಬೂದು ಕೋಟಿನವನೂ ಇಬ್ಬರೇ ಉಳಿದರು. ಇವಳು ಏರಿಸಿದಳು, ಅವನು ಏರಿಸಿದ, ಹೀಗೇ ನಡೆಯಿತು. ಕೊನೆಗೆ ಗೆದ್ದವಳು ಕಿಯೋಕೊಳೇ. ಆದರೆ ಆ ಬಿಲ್ಲೆಗಳ ರಾಶಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು, ನದೀನ್ ಕೂಗಿದರೂ ತಿರುಗದೆ ಬಾಗಿಲು ದಾಟಿ ಹೋದಳು. ಮನೆಗೆ ಹೋಗಲಿಲ್ಲ. ಮಗಳು ಅವಳ ಫೋಟೋವನ್ನು ಹಾಲ್‌ನ ಬಾಗಿಲಿಗೆ ಅಂಟಿಸಿ ಹೋಗಿದ್ದಾಳೆ. ಅದಕ್ಕೂ ಮುಂಚೆ ಬೇಕರಿಯ ತ್ರುಹಿಯೋ ಇದೇ ಥರ ಎದ್ದು ಹೋಗಿದ್ದ. ಜೂಜಿನ ಊರಾದ ರೀನೋಗೆ ಹೋಗಿರಬೇಕು ಅಂದುಕೊಂಡು ಎಲ್ಲರೂ ಸುಮ್ಮನಾಗಿದ್ದರು. ಕಿಯೋಕೊ ಹೋದ ಮರುಗಳಿಗೆಯಿಂದ ಬೂದು ಕೋಟಿನವನು ತನ್ನ ಬಿಲ್ಲೆಗಳನ್ನು ಅವಳ ಹಾಗೆಯೇ ಎರಡೆರಡಾಗಿ ಜೋಡಿಸತೊಡಗಿದ್ದನ್ನು ನದೀನ್ ಒಬ್ಬಳೇ ಗಮನಿಸಿದ್ದಳು.

ಹಾಲ್‌ನಲ್ಲೇ ಮಧ್ಯಾಹ್ನದ ಊಟಕ್ಕೆ ಕೂತಾಗ ಗಂಡ ವೆಂಡೆಲ್‌ಗೆ ಎಲ್ಲ ಹೇಳಿದಳು. ಅವನು ಸಾರಿಗೆ ಬ್ರೆಡ್ ಅದ್ದುತ್ತ ನಕ್ಕ. ಕಿಯೋಕೊಗೆ ವಯಸ್ಸಾಗಿತ್ತು, ತಲೆ ಕೆಟ್ಟಿರಬೇಕು, ಅದಕ್ಕೆ ಪಾಪ ಅವನೇನು ಮಾಡಿಯಾನು ಎಂದ.

"ಬೇರೆ ಮೇಜಿಗೆ ಹೋಗೋಣ ಅಂದೆ, ಅಷ್ಟೇ," ಎಂದಳು ನದೀನ್.

"ಎಲೆ ನೋಡದೆ ದುಡ್ಡು ಚೆಲ್ಲೋನನ್ನ ಬಿಟ್ಟು? ಬುದ್ಧಿ ನೆಟ್ಟಗಿದೆಯೇನೇ ಮಾರಾಯ್ತಿ? ಇಂಥವನೊಬ್ಬ ಬರಲಿ ಅಂತ ಅರ್ಧ ಆಯುಷ್ಯ ಕಾದಿದ್ದೀನಿ ನಾನು."

ಬೇರೆ ಯಾವ ಜನವಾದರೂ ಅಂಥವನನ್ನು ಕಂಡರೆ ದೂರ ಓಡುತ್ತಿತ್ತು. ಇಸ್ಪೀಟಿನ ಜನಕ್ಕೆ ಮಾತ್ರ, ಕೆಟ್ಟದಾಗಿ ಆಡುವವನಿಂದ ತಮಗೆ ಕೆಟ್ಟದ್ದಾಗದು ಎಂಬ ಗಟ್ಟಿ ನಂಬಿಕೆ. ವೆಂಡೆಲ್ ಹೋಗಿ ಅವನ ಮಗ್ಗುಲಲ್ಲೇ ಕೂತ. ನದೀನ್ ಗಂಡನ ಆಚೆ ಕೂತಳು.

ಎಲೆ ಕೈಯಲ್ಲಿರುವಾಗ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಏನೂ ಹೇಳುವಂತಿಲ್ಲ. ಹಾಗಾಗಿ ಅವಳು ಇಪ್ಪತ್ತು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದಳು. ವೆಂಡೆಲ್ ಉಳಿದ ಆಟದಲ್ಲೆಲ್ಲ ತಾನೂ ಉಳಿದಳು. ಕಸದಂಥ ಎಲೆ ಬಂದರೂ ಬಿಲ್ಲೆ ಮುಂದಿಟ್ಟಳು. ತಾನು ಮೂರನೆಯವಳಾಗಿ ಇರುವವರೆಗೆ ಕಟ್ಟು ಬಿಚ್ಚುವುದಿಲ್ಲ, ಅವನ ಜೊತೆ ಗಂಡ ಒಬ್ಬನೇ ಆಗುವುದಿಲ್ಲ. ಮೂರನೆಯ ಏರಿಕೆಗೆ ಎಲೆ ಹಂಚುವ ರುಫಿನೋ "ಮೂರಾಯ್ತು, ಸಾಕು" ಅನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಅವಳ ಎದೆಗೆ ತಂಪೆನಿಸುತ್ತಿತ್ತು.

ವೆಂಡೆಲ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಗೆ ಇವತ್ತು ಯಾವ ಗಾಳಿ ಸೋಕಿದೆಯೋ ಎಂದು ಮೇಜಿನವರ ಮುಂದೆ ಗೊಣಗಿದ. ಗೊಣಗಿಕೊಳ್ಳಲಿ ಎಂದು ಅವಳು ಮತ್ತಷ್ಟು ಬಿಲ್ಲೆ ತರಿಸಿಕೊಂಡಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳಿಗೆ ಒಂದು ಏಳು, ಒಂದು ಎರಡು ಬಂದವು; ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಮೇಜಿನ ಮೇಲೆ ನಾಲ್ಕು ಎಲೆ ತೆರೆದಿದ್ದವು, ಆ ಮೂವರನ್ನುಳಿದು ಎಲ್ಲರೂ ಆಟ ಬಿಟ್ಟಿದ್ದರು. ಬೂದು ಕೋಟಿನವನು ಪಣ ಇಟ್ಟ. ವೆಂಡೆಲ್ ಏರಿಸಲು ಬಿಲ್ಲೆ ಎತ್ತಿದವನು, ಹೆಂಡತಿ ಏನು ಮಾಡುತ್ತಾಳೋ ಎಂದು ಅತ್ತ ನೋಡಿದ. ಭಯಕ್ಕೆ ಅವಳ ಕೈ ನಡುಗುತ್ತಿತ್ತು.

ಕೈ ನಡುಗಿದರೆ ದೊಡ್ಡ ಎಲೆ ಬಂದಿದೆ ಎಂದು ಅರ್ಥ. ಇದು ಆ ಹಾಲ್‌ನಲ್ಲಿ ಕಸ ಗುಡಿಸುವವನಿಗೂ ಗೊತ್ತು. ವೆಂಡೆಲ್‌ನ ಮುಖ ಸಡಿಲವಾಯಿತು. ಇಷ್ಟು ಹೊತ್ತೂ ಬೈದುಕೊಂಡದ್ದಕ್ಕೆ ನಾಚಿಕೆಯೂ ಆದಂತಿತ್ತು. ಎತ್ತಿದ ಬಿಲ್ಲೆ ಕೆಳಗಿಟ್ಟು, ಈ ಗೆಲುವು ಅವಳಿಗೇ ಇರಲಿ ಎಂಬಂತೆ ಎಲೆಗಳನ್ನು ಮೆತ್ತಗೆ ಮುಂದಕ್ಕೆ ತಳ್ಳಿ ಆಟ ಬಿಟ್ಟ.

ಬೇಡ ಎಂದು ಅವಳು ಹೇಳುವಂತಿರಲಿಲ್ಲ. ತಾನೂ ಬಿಟ್ಟುಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ಕೈ ತಾನಾಗಿ ಬಿಲ್ಲೆ ಇಟ್ಟಿತ್ತು. ರುಫಿನೋ ಐದನೆಯ ಎಲೆ ತೆರೆದ.

"ಇಬ್ಬರೇ," ಎಂದ. "ಇನ್ನು ಕಟ್ಟಿಲ್ಲ."

ಬೂದು ಕೋಟಿನವನು ಅಂದು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ನೋಟ ಕೆಟ್ಟದಾಗಿರಲಿಲ್ಲ, ಬಹಳ ದಿನದ ಪರಿಚಯದವನ ನೋಟದಂತಿತ್ತು. ಅವನು ಪಣ ಇಟ್ಟ. ಅವಳು ಏರಿಸಿದಳು. ಅವನು ಏರಿಸಿದ. ಒಂದೊಂದು ಏರಿಕೆಗೂ ಅವಳಿಗೆ ಏನೋ ಹಗುರವಾಗುತ್ತಿತ್ತು. ಮನೆಯ ಒಲೆ ಆರಿಸಿದೆನೋ ಇಲ್ಲವೋ ಎಂಬ ಬೆಳಗಿನ ಚಿಂತೆ ಹೋಯಿತು. ಆಮೇಲೆ ಆ ಮನೆ ಯಾವ ಬೀದಿಯಲ್ಲಿತ್ತು ಎಂಬುದೂ ಹೋಯಿತು. ಹಿತವಾಗಿತ್ತು. ಬಿಲ್ಲೆ ಮುಗಿಯುವವರೆಗೂ ಅವಳು ನಿಲ್ಲಿಸಲಿಲ್ಲ.

ಎಲೆ ತಿರುಗಿಸಿದರು. ಕೊನೆಗೆ ತೆರೆದದ್ದು ಏಳು. ಅವಳ ಏಳಿನ ಜೋಡಿಯೇ ಗೆದ್ದಿತು. ರುಫಿನೋ ರಾಶಿಯನ್ನು ಅವಳ ಮುಂದೆ ನೂಕಿದ. ಪಕ್ಕದಲ್ಲಿ ಆಟ ಬಿಟ್ಟು ಕೂತಿದ್ದ ಮುದುಕ ಗಹಗಹಿಸಿ ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ.

"ಏಳು, ಎರಡು?" ಎಂದ. "ಮತ್ತೆ ನಿನ್ನ ಕೈ ಯಾಕೆ ನಡುಗ್ತಿತ್ತು?"

ತನ್ನನ್ನೇ ಕೇಳಿದನೆಂದು ಅವಳಿಗೆ ಅನಿಸಲಿಲ್ಲ. ಎದ್ದಳು. ಹಾಲ್‌ನೊಳಗೆ ಸೆಕೆಯಾಗಿತ್ತು, ಬಾಗಿಲಾಚೆ ಒಳ್ಳೆ ಬಿಸಿಲಿತ್ತು. ಹಿಂದೆ ಕುರ್ಚಿ ಉರುಳಿದ ಸದ್ದಾಯಿತು. ಆ ಮುದುಕ ನದೀನ್, ನದೀನ್ ಎಂದು ಒಂದೇ ಸಮನೆ ಕೂಗುತ್ತಿದ್ದ. ಪಾಪ, ಯಾರನ್ನೋ ಕಳೆದುಕೊಂಡಿದ್ದಾನೆ, ಬೇಗ ಸಿಗಲಪ್ಪ ಎಂದು ಮನಸಾರೆ ಹಾರೈಸಿ, ಅವಳು ಬಾಗಿಲು ತಳ್ಳಿದಳು.