ಗಜಪಾದ ಟೈರಿನ ಕೆಸರು ಪರೀಕ್ಷೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಯಾರೇ ಗಾಡಿಗೆ ಹೊಸ ಟೈರು ಹಾಕಿಸುವುದಿದ್ದರೂ ಮೊದಲು ದೇವರಿಗೆ ಕೈಮುಗಿಯುತ್ತಾರೆ, ಆಮೇಲೆ ನನಗೆ ಫೋನ್ ಮಾಡುತ್ತಾರೆ. ಅವಸರದಲ್ಲಿರುವವರು ದೇವರನ್ನು ಬಿಡುವುದೂ ಉಂಟು. ನನ್ನ ಹೆಸರು ಕೆಂಚಪ್ಪ. ತೆಂಗಿನ ತೋಟವಿದೆ, ಹಸುಗಳಿವೆ, ಒಂದು ಹಳೆಯ ಜೀಪಿದೆ. ಆದರೆ ಅವೆಲ್ಲ ಹೊಟ್ಟೆಪಾಡು. ಅಸಲು ಕಸುಬು ಟೈರು ನೋಡುವುದು. ಸ್ಟೇರಿಂಗ್ ಹಿಡಿದು ಕೂತರೆ ಚಕ್ರದ ಕೆಳಗೆ ಸಿಕ್ಕ ಇರುವೆ ಗಂಡೋ ಹೆಣ್ಣೋ ಅಂತ ಹೇಳಬಲ್ಲೆ. ಒಮ್ಮೆ ಹುಳಿಯಾರಿನ ಕಡೆ ಹೋಗುವಾಗ ಮುಂದಿನ ಟೈರಿಗೆ ಜಾಲಿಮುಳ್ಳು ಚುಚ್ಚಿತು. ನಾನು ಕುಂಟುತ್ತಾ ಇಳಿದೆ. ನಂಬದವರು ಬಂದು ನನ್ನ ಅಂಗಾಲು ನೋಡಬಹುದು, ಗುರುತು ಇನ್ನೂ ಇದೆ.

ಶಿವಮೂರ್ತಿ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಟೈರಿನಂಗಡಿ ಇಟ್ಟಿದ್ದಾನೆ. ನಾವಿಬ್ಬರೂ ಒಂದೇ ಊರಿನವರು, ನಮ್ಮಪ್ಪನ ಟ್ರಾಕ್ಟರಿನಲ್ಲಿ ಒಟ್ಟಿಗೇ ಡ್ರೈವಿಂಗ್ ಕಲಿತವರು. ಕಾಲು ಎಟುಕದ ವಯಸ್ಸು. ಅವನು ಕೆಳಗೆ ಕುಕ್ಕರುಗಾಲಲ್ಲಿ ಕೂತು ಕ್ಲಚ್ಚು ಬ್ರೇಕು ಒತ್ತುತ್ತಿದ್ದ, ನಾನು ಮೇಲೆ ನಿಂತು ಸ್ಟೇರಿಂಗ್ ತಿರುಗಿಸುತ್ತಿದ್ದೆ. ಅವನಿಗೆ ದಾರಿ ಕಾಣುತ್ತಿರಲಿಲ್ಲ. ನಾನು ಕೂಗಿದ ಹಾಗೆ ಒತ್ತುತ್ತಿದ್ದ. ಹಾಗೆ ಒಂದೇ ಗಾಡಿಯನ್ನು ಎರಡು ಮೈ ಸೇರಿ ಓಡಿಸಿದ ಮೇಲೆ, ಸ್ನೇಹ ಅನ್ನುವ ಮಾತನ್ನು ಬೇರೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೋದ ಮುಂಗಾರಿಗೆ ಮುಂಚೆ ಅವನ ಅಂಗಡಿಗೆ ‘ಗಜಪಾದ’ ಅನ್ನುವ ಹೊಸ ಟೈರು ಬಂತು. ಆಲ್ ಟೆರೇನ್. ಅಂದರೆ ಟಾರು, ಜಲ್ಲಿ, ಮರಳು, ಕೆಸರು, ಎಲ್ಲಾ ದಾರಿಗೂ ಅದೊಂದೇ ಸಾಕು ಅಂತ ಅದರ ಮೇಲೇ ಬರೆದಿತ್ತು. ಹೆಸರಾದ ಕಂಪನಿಗಳ ಟೈರಿನ ಅರ್ಧ ಬೆಲೆ. ಮೈತುಂಬ ಹಲಸಿನ ಹಣ್ಣಿನಂತೆ ಗುಬುಟುಗಳು.

“ಲೇ ಕೆಂಚ, ಏಜೆನ್ಸಿ ತಗಂಡ್‌ಬುಟ್ಟಿದ್ದೀನಿ ಕಣ್ಲಾ. ಗೋಡೌನ್ ತುಂಬಾ ಇದೇ ಐತೆ. ನೀನು ನಾಕು ಕಡೆ ಓಡ್ಸಿ ಒಂದ್ ಮಾತು ಹೇಳ್ಬುಡು, ಸಾಕು,” ಅಂದ.

“ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅಂತೀನಿ ಮತ್ತೆ.”

“ಅನ್ನಪ್ಪ. ನಿನ್ ಬಾಯಿ ಕಟ್ಟಕ್ಕೆ ಯಾರ್ ಕೈಲಾಯ್ತದೆ?”

ಅದನ್ನು ನಾನು ಹೊಗಳಿಕೆ ಅಂದುಕೊಂಡೆ.

ಈ ಪರೀಕ್ಷೆಗಾಗಿ ಎಲ್ಲರಿಗಿಂತ ಹೆಚ್ಚು ಕಾದಿದ್ದವರು ನಮ್ಮ ಸೋದರತ್ತೆ ಚಿಕ್ಕಗೌರಮ್ಮ. ಕೆರೆಯ ಆಚೆ ದಡದ ತೋಟದ ಮನೆಗಳಿಂದ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಡೈರಿಗೆ ತಂದು ಹಾಕುವುದು ಅವರ ಕೆಲಸ. ಪಿಕಪ್ ಗಾಡಿಯನ್ನು ತಾವೇ ಓಡಿಸುತ್ತಾರೆ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದರೆ ಆ ದಾರಿಯುದ್ದಕ್ಕೂ ಮೊಣಕಾಲುದ್ದ ಕೆಸರು, ಪಕ್ಕದಲ್ಲೇ ಆಳವಾದ ಹಳ್ಳ. ಜಾರಿದರೆ ಹಾಲೂ ಹೋಯಿತು, ಅತ್ತೆಯೂ ಹೋದರು. ಅವರ ಗಾಡಿಯ ಟೈರುಗಳು ಆಗ ನನ್ನ ತಲೆಗಿಂತ ಬೋಳಾಗಿದ್ದವು.

“ನೋಡ್ಲಾ ಕೆಂಚ, ನೀನು ಬೇರೆ ಏನೇ ಹೇಳಿದ್ರೂ ಮುಕ್ಕಾಲು ಕಳ್ದು ಕೇಳ್ತೀನಿ. ಟೈರಿನ ಮಾತು ಮಾತ್ರ ಪೂರ್ತಿ ನಂಬ್ತೀನಿ. ಕೆಸ್ರಲ್ಲಿ ಹಿಡೀತದೆ ಅಂದ್ರೆ ಹಾಕಿಸ್ತೀನಿ, ಇಲ್ಲ ಅಂದ್ರೆ ಇಲ್ಲ,” ಅಂದರು.

ಗಜಪಾದವನ್ನು ನನ್ನ ಜೀಪಿಗೇ ಹಾಕಿಸಿದೆವು. ಮೊದಲು ಟಾರು ರೋಡು. ಕಿಬ್ಬನಹಳ್ಳಿಯಿಂದ ತಿಪಟೂರಿಗೆ ಯಾವ ವೇಗದಲ್ಲಿ ಹೋದೆನೆಂದರೆ ನಾನು ತಲುಪಿದಾಗ ನನ್ನ ನೆರಳು ಇನ್ನೂ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿತ್ತು. ಟೈರು ದುಂಬಿಯ ಹಾಗೆ ಗುಂಯ್‌ಗುಡುತ್ತಿತ್ತು. ಗುಬುಟು ಟೈರುಗಳ ಜಾತಿಯೇ ಅದು, ತಪ್ಪು ಹಿಡಿಯಲಿಲ್ಲ. ಒಂದು ಕಡೆ ರೋಡಿಗೆ ನೀರು ಸುರಿಸಿ ಬ್ರೇಕ್ ಒತ್ತಿದೆ. ನಿಲ್ಲಬೇಕಾದ ಕಡೆಯಿಂದ ಒಂದು ಮಾರು ಮುಂದಕ್ಕೆ ಜಾರಿ ನಿಂತಿತು. “ಒದ್ದೆ ರೋಡಲ್ಲಿ ಹುಷಾರು ಅಂತ ಜನಕ್ಕೆ ಹೇಳ್ಬೇಕಾಯ್ತದೆ ಕಣ್ಲಾ,” ಅಂದೆ. ಶಿವಮೂರ್ತಿ ಫೋನಿನಲ್ಲಿ ವಿಡಿಯೊ ಹಿಡಿಯುತ್ತಲೇ ತಲೆಯಾಡಿಸಿದ.

ಆಮೇಲೆ ಹುಳಿಯಾರಿನ ಕಡೆಯ ಕಲ್ಲುದಾರಿ. ಅಲ್ಲಿಯ ಕಲ್ಲುಗಳು ಟೈರನ್ನು ಕಂಡರೆ ಎದ್ದು ಬಂದು ಕಚ್ಚುತ್ತವೆ. ಗಜಪಾದ ಒಂದು ಗೀರೂ ಇಲ್ಲದೆ ಹೊರಬಂತು. ನನ್ನ ತೋಟದಲ್ಲಿ ಒಣಗರಿಗಳ ಮೇಲೆ, ನೀರುಗಾಲುವೆಯ ಬದುಗಳ ಮೇಲೆ ಹತ್ತಿಸಿ ಇಳಿಸಿದೆ. ಅದಕ್ಕೂ ಜಗ್ಗಲಿಲ್ಲ. ಪರವಾಗಿಲ್ಲ, ಬಡವರ ಪಾಲಿನ ಟೈರು ಅಂದುಕೊಂಡೆ.

ಉಳಿದದ್ದು ಕೆಸರು. ಇಂಥ ಟೈರಿನ ನಿಜವಾದ ಬಣ್ಣ ತಿಳಿಯುವುದು ಅಲ್ಲೇ. ಗುಬುಟುಗಳ ಸಂದಿಗೆ ಮೆತ್ತಿಕೊಂಡ ಜೇಡಿಯನ್ನು ಚಕ್ರ ತಿರುಗುತ್ತಲೇ ಕಕ್ಕಿಬಿಡಬೇಕು. ಕಕ್ಕದೆ ಒಳಗೇ ಇಟ್ಟುಕೊಂಡರೆ ಅದು ಟೈರಲ್ಲ, ಎಣ್ಣೆ ಸವರಿದ ಮುದ್ದೆ. ಕೆಸರು ಪರೀಕ್ಷೆಯನ್ನು ನಾನು ಮಾಡುವುದು ನಮ್ಮೂರ ಕೆರೆಯಂಗಳದಲ್ಲಿ, ಅದೂ ನನ್ನದೇ ಒಂದು ದಾರಿಯಲ್ಲಿ. ಹೊಂಗೆ ಮರದ ಎಡಕ್ಕೆ ಇಳಿದು, ಮುರಿದ ತೂಬುಗಲ್ಲನ್ನು ಮೂಗಿನ ನೇರಕ್ಕೆ ಇಟ್ಟುಕೊಂಡು, ಓರೆಯಾಗಿ ದಾಟಿ ಆಚೆ ದಿಬ್ಬ ಹತ್ತುವುದು. ಟ್ರಾಕ್ಟರಿನ ಕಾಲದಿಂದಲೂ ನಾನು ಬೇರೆ ಕಡೆ ಇಳಿದವನೇ ಅಲ್ಲ. ಚಕ್ರ ಒಂದು ಅಂಗೈ ಅಗಲ ಆಚೀಚೆ ಹೋದರೆ ಊಟ ಬಿಡುವ ಮನುಷ್ಯ ನಾನು.

“ಮಳೆ ಬೀಳ್ಲಿ, ಹದ ನೋಡ್ಕಂಡು ನಾನೇ ಫೋನ್ ಮಾಡ್ತೀನಿ,” ಅಂದ ಶಿವಮೂರ್ತಿ. ಎರಡು ಮಳೆ ಬಿದ್ದ ಮೇಲೆ ಮಾಡಿದ. ನಾನು ಹೋಗುವಷ್ಟರಲ್ಲಿ ಅವನು ಅಲ್ಲೇ ಇದ್ದ. ಪಂಚೆ ಮೊಣಕಾಲ ಮೇಲಕ್ಕೆ ಕಟ್ಟಿತ್ತು, ಕೈಕಾಲೆಲ್ಲ ಕೆಸರು. “ಆಳ ನೋಡಕ್ಕೆ ಇಳ್ದಿದ್ದೆ ಕಣ್ಲಾ,” ಅಂದ. ಎಂಥ ಗೆಳೆಯನಪ್ಪ, ಅಂದುಕೊಂಡೆ.

ಇಳಿಸಿದೆ. ನಾನು ಕೆಸರಿನಲ್ಲಿ ಓಡಿಸಿದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಬಾಲ ಅರಸೀಕೆರೆ ಮುಟ್ಟುತ್ತದೆ. ಆದರೆ ಅಂಥ ನಡಿಗೆಯನ್ನು ನಾನು ಕಂಡಿರಲಿಲ್ಲ. ಜಾರಲಿಲ್ಲ, ಹೂತುಕೊಳ್ಳಲಿಲ್ಲ. ಕೆಳಗಿನಿಂದ ಯಾರೋ ಮೆತ್ತಗೆ ಎತ್ತೆತ್ತಿ ಕೊಟ್ಟಂತೆ ಸಾಗಿತು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ದಿಬ್ಬದ ಮೇಲೆ ಶಿವಮೂರ್ತಿ ಹಿಡಿದು ನಿಂತಿದ್ದ ಫೋನಿನ ಕಡೆ ಕೂಗಿದೆ: “ನೋಡ್ರಪ್ಪಾ, ಸುಪ್ಪತ್ತಿಗೆ ಮೇಲೆ ಹೋದಂಗೆ ಹೋಯ್ತಾ ಐತೆ! ಟೈರೊಳಗೆ ಸ್ಪ್ರಿಂಗ್ ಮಡಗವ್ರೆ! ಐರಾವತ ಬಂದ್ರೂ ಇಲ್ಲಿ ಮಂಡಿ ಊರ್ಬೇಕು, ಗಜಪಾದ ಊರಲ್ಲ!”

ದಿಬ್ಬ ಹತ್ತಿ ನಿಲ್ಲಿಸಿದೆ. ಇಳಿದು ಗುಬುಟುಗಳ ಸಂದಿ ನೋಡೋಣ ಅನ್ನುವಷ್ಟರಲ್ಲಿ ಶಿವಮೂರ್ತಿ ಬಕೆಟ್ಟಿನಲ್ಲಿ ನೀರು ತಂದು ಟೈರುಗಳಿಗೆ ಎರಚಿಬಿಟ್ಟಿದ್ದ. ಫೋಟೊಗೆ ಚೆಂದ ಕಾಣಲಿ ಅಂತ.

ವಿಡಿಯೊ ಮೂರು ತಾಲ್ಲೂಕಿನ ವಾಟ್ಸಾಪುಗಳಲ್ಲಿ ಸುತ್ತಿತು. ಒದ್ದೆ ರೋಡಿನ ಭಾಗ ಅದರಲ್ಲಿ ಇರಲಿಲ್ಲ. “ಉದ್ದ ಆಯ್ತು ಅಂತ ತೆಗ್ದೆ,” ಅಂದ. ಗೋಡೌನ್ ಖಾಲಿಯಾಗುತ್ತಾ ಬಂತು. ಅತ್ತೆ ನಾಲ್ಕೂ ಚಕ್ರಕ್ಕೆ ಗಜಪಾದ ಹಾಕಿಸಿದರು. ಅಂಗಡಿಯ ಮುಂದೆ ನಿಂತು ನಾನೇ ಕಾಯಿ ಒಡೆದೆ.

ಶ್ರಾವಣದಲ್ಲಿ ಕೆರೆ ಕೋಡಿ ಹರಿಯಿತು. ಒಂದು ಬೆಳಿಗ್ಗೆ ಅತ್ತೆಯ ಗಾಡಿ ಕೋಡಿಯ ಕೆಸರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸಿ, ಅಡ್ಡಕ್ಕೆ ಜಾರಿ, ಹಿಂದಿನ ಒಂದು ಚಕ್ರ ಹಳ್ಳದ ಅಂಚಿನಲ್ಲಿ ತೂಗಾಡುತ್ತಾ ನಿಂತಿತು. ಕ್ಯಾನುಗಳು ಉರುಳಿ ಹಳ್ಳದ ನೀರು ಬೆಳ್ಳಗಾಯಿತು. ಅತ್ತೆ ಬಾಗಿಲಿನಿಂದ ಹಾರಿ ಬದುಕಿದರು. ನಾನು ಹೋದಾಗ ಟ್ರಾಕ್ಟರಿನಿಂದ ಗಾಡಿ ಎಳೆಸಿ, ಜಗಲಿಯ ಮೇಲೆ ಕೂತು ಮೊಣಕೈಗೆ ಅರಿಶಿನ ಮೆತ್ತಿಕೊಳ್ಳುತ್ತಿದ್ದರು.

“ಬಾರಪ್ಪ ಐರಾವತ,” ಅಂದರು.

“ಅತ್ತೆ, ಟೈರಿನ ತಪ್ಪಲ್ಲ ಕಣತ್ತೆ. ನೀವು ಗೇರ್ ತಪ್ಪಿ ಹಾಕಿದ್ದೀರಿ.”

“ನಾನು ಗಾಡಿ ಓಡ್ಸಕ್ಕೆ ಸುರು ಮಾಡ್ದಾಗ ನಿಂಗಿನ್ನೂ ಚಡ್ಡಿ ನಿಲ್ತಿರ್ಲಿಲ್ಲ ಕಣ್ಲಾ. ಗೇರ್ ಹೇಳ್ಕೊಡ್ತಾನೆ. ಈಗ್ಲೂ ಕೇಳ್ತೀನಿ, ಹಿಡೀತದೋ ಇಲ್ವೋ? ನಾಳೆನೂ ಹಾಲು ತರ್ಬೇಕು.”

“ಹಿಡೀತದೆ! ಸಾಯಂಕಾಲದೊಳಗೆ ಇನ್ನೊಂದ್ ವಿಡಿಯೊ ತೋರಿಸ್ತೀನಿ,” ಅಂತ ಎದ್ದು ಬಂದೆ.

ಕೆರೆಯಂಗಳದ ಆ ಮೂಲೆ ಎತ್ತರದಲ್ಲಿದ್ದದ್ದರಿಂದ ಕೆರೆ ತುಂಬಿದ್ದರೂ ಅಲ್ಲಿಗೆ ನೀರು ಏರಿರಲಿಲ್ಲ. ಫೋನನ್ನು ಜೀಪಿನ ಮುಂದೆ ಸಿಕ್ಕಿಸಿ, ಹೊಂಗೆ ಮರದ ಎಡಕ್ಕೆ ಇಳಿಸಿದೆ. ನೋಡಿದರೆ ಯಾರದೋ ಎಮ್ಮೆಯೊಂದು ನನ್ನ ದಾರಿಯ ನಡುವೆಯೇ ಮಲಗಿತ್ತು. ಹಾರ್ನ್ ಹೊಡೆದೆ. ಕಿವಿ ಆಡಿಸಿತು. ಬೈದೆ. ಕಣ್ಣು ಮುಚ್ಚಿತು. ಸರಿ, ಅಂತ ಸ್ವಲ್ಪ ಬಲಕ್ಕೆ ತಿರುಗಿಸಿದೆ, ಒಂದು ಗಜವೂ ಇರಲಾರದು. ಜೀಪು ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಕುಸಿಯಿತು.

ಇಳಿದು ನೋಡಿದೆ. ಗುಬುಟು ಒಂದೂ ಕಾಣುತ್ತಿರಲಿಲ್ಲ. ನಾಲ್ಕು ಚಕ್ರಗಳೂ ನಾಲ್ಕು ರಾಗಿಮುದ್ದೆ. ನಮ್ಮ ಸೀಮೆಯಲ್ಲಿ ಗಾಡಿ ಹೂತರೆ ಮಾಡುವುದು ಒಂದೇ: ಕಾಯಿ ಸುಲಿದ ಮಟ್ಟೆ ತಂದು ಚಕ್ರದ ಕೆಳಗೆ ಹಾಸುವುದು. ತೋಟಕ್ಕೆ ಓಡಬೇಕಲ್ಲ ಅಂತ ಶಪಿಸುತ್ತಾ ಎಡಗಡೆಗೆ ಒಂದು ಹೆಜ್ಜೆ ಇಟ್ಟೆ. ಕಾಲು ಹೂತುಕೊಳ್ಳಲಿಲ್ಲ. ಕೈ ಹಾಕಿ ಕೆದಕಿದೆ. ಒಂದು ಗೇಣು ಕೆಸರಿನ ಕೆಳಗೆ ಕಾಯಿಮಟ್ಟೆ. ಅದರ ಪಕ್ಕ ಇನ್ನೊಂದು. ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು, ಬೆನ್ನು ಮೇಲೆ ಮಾಡಿ, ತುಳಿದು ಕೂರಿಸಿದ ಎರಡು ಸಾಲು. ಸಾಲಿನಿಂದ ಸಾಲಿಗೆ ನನ್ನ ಜೀಪಿನ ಚಕ್ರಗಳ ಅಂತರ. ಹೊಂಗೆ ಮರದಿಂದ ತೂಬುಗಲ್ಲಿನ ನೇರಕ್ಕೆ, ಓರೆಯಾಗಿ, ದಿಬ್ಬದವರೆಗೆ.

ಎಷ್ಟು ಹೊತ್ತು ಅಲ್ಲಿ ಕೂತಿದ್ದೆನೋ ಗೊತ್ತಿಲ್ಲ. ಎಮ್ಮೆಯೇ ಬೇಜಾರಾಗಿ ಎದ್ದು ಹೋಯಿತು. ಮಟ್ಟೆ ಹಾಸಿ ಯಾರನ್ನು ಬೇಕಾದರೂ ಮೋಸಮಾಡಬಹುದು. ಆದರೆ ನನ್ನ ಚಕ್ರ ಎಲ್ಲಿ ಇಳಿಯುತ್ತದೆ, ಎಲ್ಲಿ ಹೊರಳುತ್ತದೆ ಅಂತ ಕೆಸರಿನೊಳಗೆ ಕಣ್ಣುಮುಚ್ಚಿ ಹಾಸಬಲ್ಲವನು ಭೂಮಿಯ ಮೇಲೆ ಒಬ್ಬನೇ. ನಾನು ಮೇಲೆ ನಿಂತು ಕೂಗುತ್ತಿದ್ದದ್ದನ್ನು ಕೆಳಗೆ ಕೂತು ಕೇಳಿಸಿಕೊಂಡವನು.

ಅವನು ಹಾಸಿದ ಮಟ್ಟೆಗಳನ್ನೇ ಕಿತ್ತು ಚಕ್ರಕ್ಕೆ ಕೊಟ್ಟು ಜೀಪು ಹೊರಗೆ ತೆಗೆದೆ. ಒಂದು ಮಟ್ಟೆ ತೆಗೆದುಕೊಂಡು ಹೋಗಿ ಕಿಬ್ಬನಹಳ್ಳಿಯ ಅಂಗಡಿಯ ಮೇಜಿನ ಮೇಲಿಟ್ಟೆ. ನೀರು ತೊಟ್ಟಿಕ್ಕುತ್ತಿತ್ತು.

ಶಿವಮೂರ್ತಿ ನೋಡಿದ. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ಹೇಳಲಿಲ್ಲ.

“ನಿಂಗಿಂತ ಮುಂಚೇನೇ ನಾನು ಓಡ್ಸಿ ನೋಡಿದ್ದೆ ಕಣ್ಲಾ. ಹೂತ್ಕಂತು. ಮಾಲು ವಾಪಸ್ ತಗಳಲ್ಲ ಅಂದ್ರು ಕಂಪನಿಯೋರು. ನೀನೊಂದ್ ಮಾತು ಕೆಟ್ಟದಾಗಿ ಅಂದಿದ್ರೆ ಅಂಗಡಿ ಬಾಗ್ಲು ಹಾಕ್ಬೇಕಿತ್ತು.”

“ನಂಗೆ ಹೇಳ್ಬೋದಿತ್ತಲ್ಲೋ.”

“ನಿಂಗೆ? ಹುಳಿಯಾರಿಗಂಟ ಡಂಗೂರ ಹೊಡೀತಿದ್ದೆ.”

“ಅತ್ತೆ ಹಳ್ಳಕ್ಕೆ ಬೀಳ್ತಿದ್ರು ಕಣೋ!”

“ಬೀಳ್ಲಿಲ್ವಲ್ಲ.” ಅವನು ಮಟ್ಟೆಯನ್ನು ಮೇಜಿನಿಂದ ಕೆಳಗಿಟ್ಟು ಒದ್ದೆಯನ್ನು ಬಟ್ಟೆಯಿಂದ ಒರೆಸಿದ.

“ಎಲ್ರಿಗೂ ಹೇಳ್ತೀನಿ.”

“ಹೇಳು. ಏನಂತ ಹೇಳ್ತೀಯಾ? ಇರುವೆ ಗಂಡೋ ಹೆಣ್ಣೋ ಹೇಳೋ ಕೆಂಚಪ್ಪಂಗೆ, ತೆಂಗಿನ ಸೀಮೇಲಿ ಹುಟ್ಟಿ ಬೆಳ್ದೋನಿಗೆ, ಅಡೀಲಿ ಕಾಯಿಮಟ್ಟೆ ಐತೆ ಅಂತ ಗೊತ್ತಾಗ್ಲಿಲ್ಲ ಅಂತಾನಾ? ಸುಪ್ಪತ್ತಿಗೆ ಅಂತ ಕೂಗಿದ್ದು ನಾನಲ್ಲ ಕಣ್ಲಾ.”

ಜೋರಾಗಿ ಹೇಳಲಿಲ್ಲ. ಲೆಕ್ಕ ಹಾಕಿ ಇಟ್ಟುಕೊಂಡಿದ್ದವನ ಹಾಗೆ ನಿಧಾನವಾಗಿ ಹೇಳಿದ. ನನ್ನ ದಾರಿಯ ಹಾಗೇ ನನ್ನ ಬಾಯಿಯನ್ನೂ ಅವನು ಅಳೆದಿದ್ದ.

ವಾಪಸು ಬರುತ್ತಾ ದಾರಿಯುದ್ದಕ್ಕೂ ಕಥೆ ಕಟ್ಟಿದೆ. ಕಂಪನಿಯವರು ಒಳ್ಳೆಯ ಟೈರು ತೋರಿಸಿ ಕೆಟ್ಟದ್ದು ಕಳಿಸಿದರು, ಅಂದರೆ? ಅತ್ತೆಗೆ ಬಂದದ್ದು ಮಾತ್ರ ನಕಲಿ, ಅಂದರೆ? ಒಂದಕ್ಕಿಂತ ಒಂದು ಅಂದವಾದ ಸುಳ್ಳು, ಎಲ್ಲದರಲ್ಲೂ ನಾನು ಹುಲಿಯಾಗಿಯೇ ಉಳಿಯುತ್ತಿದ್ದೆ. ಆದರೆ ಯಾವುದನ್ನು ಹೇಳಿದರೂ ಅತ್ತೆ ನೂರು ಪ್ರಶ್ನೆ ಕೇಳುತ್ತಾರೆ, ಒಂದಕ್ಕೆ ನಾನು ತಡವರಿಸುತ್ತೇನೆ, ಮುಕ್ಕಾಲು ಕಳೆದು ನಾಳೆ ಬೆಳಿಗ್ಗೆ ಅದೇ ಟೈರಿನಲ್ಲಿ ಕೋಡಿಗೆ ಇಳಿಯುತ್ತಾರೆ.

ಅತ್ತೆ ಕ್ಯಾನು ತೊಳೆಯುತ್ತಿದ್ದರು.

“ಟೈರು ತೆಗೆಸಿಬುಡಿ ಅತ್ತೆ. ಕೆಸ್ರಲ್ಲಿ ಹಿಡಿಯಲ್ಲ. ಶಿವಮೂರ್ತಿ ಕೆಸ್ರಿನ ಅಡೀಲಿ ಮಟ್ಟೆ ಹಾಸಿದ್ದ. ನಂಗೆ ಗೊತ್ತಾಗ್ಲಿಲ್ಲ.”

ಅಷ್ಟೇ ಹೇಳಿದೆ. ಇಷ್ಟು ಚಿಕ್ಕ ಮಾತನ್ನು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ. ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಮುಂದೇನೋ ಬರುತ್ತದೆ ಅಂತ ಕಾದರು. ಬರಲಿಲ್ಲ.

“ಮಟ್ಟೆ ಮೇಲೆ ಓಡ್ಸಿ ಸುಪ್ಪತ್ತಿಗೆ ಅಂದ್ಯಾ?”

“ಹೂಂ.”

“ನಿನ್ ಬಾಯಿಂದ ನೀನೇ ಪೆದ್ದ ಆಗಿರೋ ಕಥೆ ಇದೊಂದೇ ಕಣ್ಲಾ ಕೆಂಚ ನಾನ್ ಕೇಳಿರೋದು. ನಿಜಾನೇ ಇರ್ಬೇಕು.” ಅವರು ನಗಲಿಲ್ಲ. “ಶಿವಮೂರ್ತಿನಾ? ನಮ್ಮನೇಲಿ ಉಂಡು ಬೆಳ್ದೋನು...” ಅಂದು ಕ್ಯಾನನ್ನು ಬೋರಲು ಹಾಕಿದರು.

ಗಜಪಾದ ಹಾಕಿಸಿದ್ದ ಉಳಿದವರಿಗೂ ಫೋನ್ ಮಾಡಿದೆ. ಕೆಲವರು ಬೈದರು. ಹೆಚ್ಚಿನವರು ಹೊಟ್ಟೆ ಹುಣ್ಣಾಗುವಂತೆ ನಕ್ಕು, “ಕೆಂಚಣ್ಣ, ಇದಂತೂ ಸೂಪರ್ ಕಣಣ್ಣ, ಇನ್ನೊಂದ್ಸಲ ಹೇಳು,” ಅಂದರು. ಇನ್ನೊಂದು ಸಲ ಹೇಳಿದೆ. ಮೊದಲನೆಯ ಸಲ ಹೇಳಿದಷ್ಟೇ ಹೇಳಿದೆ.

ಸಂಜೆಗೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಗಾಡಿಯನ್ನು ನಾನೇ ಕ್ರಾಸಿಗೆ ಒಯ್ದೆ. ಟೈರು ಕಳಚುವ ಮಿಷನ್ನು ಇರುವುದು ಅವನ ಅಂಗಡಿಯಲ್ಲೇ. ಯಾವುದಾದರೂ ಹೆಸರಾದ ಕಂಪನಿಯದು ಹಾಕು ಅಂತ ಅತ್ತೆ ಕಿಟಕಿಯಿಂದಲೇ ಹೇಳಿದರು. ಕೆಲಸದವರನ್ನು ಕರೆಯದೆ ಶಿವಮೂರ್ತಿಯೇ ಜಾಕ್ ಏರಿಸಿದ. ನಾಲ್ಕೂ ಗಜಪಾದಗಳನ್ನು ಕಳಚಿ ಗೋಡೆಗೆ ಒರಗಿಸಿದ. ಹೊಸವನ್ನು ಹಾಕಿ, ಗಾಳಿ ತುಂಬಿ, ನಟ್ಟು ಬಿಗಿಯುತ್ತಾ, ಏನೂ ಆಗದವನ ಹಾಗೆ, ದಿನಾ ಕೇಳುವ ಹಾಗೆಯೇ ಕೇಳಿದ:

“ಟೀ ಕುಡೀತೀಯೇನ್ಲಾ ಕೆಂಚ?”

“ಬ್ಯಾಡ ಬುಡಿ ಶಿವಮೂರ್ತಿಯವ್ರೇ,” ಅಂದೆ. “ನಮ್ ಅತ್ತೆಗೆ ಹೊತ್ತಾಯ್ತದೆ.”

ಅವನ ಕೈಯಲ್ಲಿದ್ದ ಸ್ಪ್ಯಾನರು ನಟ್ಟಿನ ಮೇಲೆ ಹಾಗೇ ನಿಂತಿತು. ತಲೆ ಎತ್ತಲಿಲ್ಲ. ಆ ನಟ್ಟನ್ನು ಬಿಗಿದು ಮುಗಿಸಿ, “ಆಯ್ತು ಕಣ್ರೀ,” ಅಂದ.